ದ್ರಾಕ್ಷಿ ಹಿಪ್ಪೆಯಿಂದ ಪುಡಿ, ಎಣ್ಣೆ, ಬಣ್ಣ: ಲೈಸೆನ್ಸ್ ಕೈಗೆ ಬರುವ ತನಕ ಪಟ್ಟ ಪಾಡು

ಹೋದ ತಿಂಗಳು ನಮ್ಮ ಪುಟ್ಟ ಘಟಕಕ್ಕೆ ಆಹಾರ ಲೈಸೆನ್ಸ್ ಬಂತು. ಲ್ಯಾಬು, ಬ್ಯಾಂಕು, ಡ್ರೈಯರ್, ಕರೆಂಟು ಎಂದು ಒಂದೂವರೆ ವರ್ಷಕ್ಕೂ ಜಾಸ್ತಿ ಓಡಾಡಿದ ಮೇಲೆ ಬಂದದ್ದು. ದೊಡ್ಡಬಳ್ಳಾಪುರದ ಹತ್ತಿರ ಒಂದು ಬಾಡಿಗೆ ಶೆಡ್ಡಿನಲ್ಲಿ ನಾನು ಮತ್ತು ನಮ್ಮ ಭಾವ ಸೇರಿ ಈ ಕೆಲಸ ಮಾಡುತ್ತಿದ್ದೇವೆ. ವೈನರಿಗಳಲ್ಲಿ, ಜ್ಯೂಸ್ ಘಟಕಗಳಲ್ಲಿ ರಸ ಹಿಂಡಿದ ಮೇಲೆ ಉಳಿಯುವ ಹಿಪ್ಪೆ ತಂದು ಅದರಿಂದ ಪುಡಿ, ಬೀಜದ ಎಣ್ಣೆ, ಒಂದಿಷ್ಟು ಬಣ್ಣದ ಸಾರ ತೆಗೆಯುತ್ತೇವೆ. ಗೊತ್ತಿರುವ ಒಂದಿಬ್ಬರು ತಾವೂ ಶುರು ಮಾಡಬೇಕು ಎಂದು ಕೇಳುತ್ತಲೇ ಇದ್ದಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ನಡೆದದ್ದನ್ನೆಲ್ಲ ಇಲ್ಲಿ ಬರೆದುಬಿಡುತ್ತೇನೆ.

ಮೊದಲು ಸರಕಿನ ಬಗ್ಗೆ. ನೂರು ಕೆಜಿ ಹಣ್ಣು ಹಿಂಡಿದರೆ ಸುಮಾರು 20ರಿಂದ 25 ಕೆಜಿ ಹಿಪ್ಪೆ ಉಳಿಯುತ್ತದೆ. ಸಿಪ್ಪೆ, ಬೀಜ, ಅಲ್ಲಲ್ಲಿ ತೊಟ್ಟು. ದ್ರಾಕ್ಷಿಯಲ್ಲಿ ಪಾಲಿಫಿನಾಲ್ ಎನ್ನುತ್ತಾರಲ್ಲ, ಆ ಒಗರು ಮತ್ತು ಬಣ್ಣದ ಅಂಶಗಳು, ಅದರಲ್ಲಿ ಹೆಚ್ಚುಕಡಿಮೆ ಮೂರನೇ ಎರಡು ಪಾಲು ಬೀಜದಲ್ಲೇ ಇರುತ್ತದೆ. ಉಳಿದದ್ದರಲ್ಲಿ ಬಹುಪಾಲು ಸಿಪ್ಪೆಯಲ್ಲಿ. ತಿರುಳಿನಲ್ಲಿ ಇರುವುದು ಚೂರುಪಾರು. ಅಂದರೆ ರಸ ತೆಗೆದವರು ತೆಗೆದುಕೊಂಡು ಹೋಗಿದ್ದು ಸಿಹಿ, ಹುಳಿ, ಸ್ವಲ್ಪ ಬಣ್ಣ. ಮಿಕ್ಕಿದ್ದು ನಮ್ಮೂರ ಕಡೆ ಗೊಬ್ಬರದ ಗುಂಡಿಗೆ ಹೋಗುತ್ತಿತ್ತು.

ಇದು ಹೊಸ ವಿದ್ಯೆಯೇನಲ್ಲ. ಇಟಲಿಯಲ್ಲಿ 1879ರಿಂದಲೇ ಕೆಂಪು ದ್ರಾಕ್ಷಿಯ ಸಿಪ್ಪೆಯಿಂದ ಬಣ್ಣ ತೆಗೆದು ಮಾರುತ್ತಿದ್ದಾರೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಅಂದರೆ ಸಿಎಫ್‌ಟಿಆರ್‌ಐ ವಿಜ್ಞಾನಿಗಳು 2000ದ ಆಸುಪಾಸಿನಲ್ಲೇ ದ್ರಾಕ್ಷಿ ಬೀಜ ಮತ್ತು ಹಿಪ್ಪೆಯ ಸಾರದ ಮೇಲೆ ಕೆಲಸ ಮಾಡಿದ್ದಾರೆ. ಪುಣೆ ಬಳಿಯ ಮಾಂಜರಿಯಲ್ಲಿರುವ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರದವರು ಮಾಂಜರಿ ಮೇಡಿಕಾ ಎಂಬ ಜ್ಯೂಸ್ ತಳಿಯ ಜೊತೆಗೇ ಅದರ ಹಿಪ್ಪೆಯನ್ನು ಏನು ಮಾಡಬಹುದು ಅನ್ನುವುದನ್ನೂ ತೋರಿಸಿಕೊಟ್ಟಿದ್ದಾರೆ. ತಂತ್ರಜ್ಞಾನ ಸಿಗುವುದಿಲ್ಲ ಅನ್ನುವ ಮಾತೇ ಇಲ್ಲ. ಸಾರ ತೆಗೆಯುವುದು ಈ ಕೆಲಸದಲ್ಲಿ ಸುಲಭದ ಭಾಗ. ನಮ್ಮನ್ನು ಅರೆದದ್ದು ಎರಡು: ಹಿಪ್ಪೆಯಲ್ಲಿರುವ ನೀರು, ಮತ್ತು ಆಲ್ಕೋಹಾಲ್ ಎಂಬ ಪದ ಇರುವ ಯಾವುದೇ ಕಾಗದ.

ಹಿಪ್ಪೆ ಯಾರು ಕೊಡುತ್ತಾರೆ? ನಂದಿ ಬೆಟ್ಟದ ಸುತ್ತಮುತ್ತಲ ವೈನ್ ತಳಿಗಳ ಕೊಯ್ಲು ಹೆಚ್ಚಾಗಿ ಜನವರಿಯಿಂದ ಏಪ್ರಿಲ್ ಒಳಗೆ. ಆಗ ವೈನರಿಯವರಿಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಆ ಹೊತ್ತಿನಲ್ಲಿ ಹೋಗಿ "ನಿಮ್ಮ ಕಸ ಕೊಡಿ" ಎಂದರೆ ಯಾರೂ ಕೂರಿಸಿ ಮಾತಾಡಿಸುವುದಿಲ್ಲ. ನಾವು ಮೊದಲ ಸಲ ಹೋದದ್ದು ಫೆಬ್ರವರಿಯಲ್ಲಿ, ಗೇಟಿನಿಂದಲೇ ವಾಪಸ್ ಬಂದೆವು. ಮುಂದಿನ ನವೆಂಬರಿನಲ್ಲಿ ಹೋದಾಗ ಉತ್ಪಾದನೆ ನೋಡಿಕೊಳ್ಳುವವರು ಕಾಫಿ ಕೊಟ್ಟು ಮಾತಾಡಿದರು. "ತಗೊಂಡು ಹೋಗಿ ಮೇಡಂ, ನಮಗೂ ತಲೆನೋವು ತಪ್ಪುತ್ತೆ. ಆದ್ರೆ ಕಾಗದ ಪತ್ರ ಸರಿಯಾಗಿರಲಿ" ಎಂದರು. ವೈನರಿ ಅಂದರೆ ಅಬಕಾರಿ ಲೆಕ್ಕದೊಳಗಿನ ಜಾಗ. ಒಳಗೆ ಬರುವುದಕ್ಕೂ ಹೊರಗೆ ಹೋಗುವುದಕ್ಕೂ ಪುಸ್ತಕದಲ್ಲಿ ಬರೆಯಬೇಕು. ನಮ್ಮ ಹೆಸರಿನ ಪತ್ರ, ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ, ಯಾವ ಗಾಡಿ, ಎಷ್ಟು ತೂಕ, ಯಾತಕ್ಕೆ ಬಳಸುತ್ತೇವೆ ಅನ್ನುವ ಒಪ್ಪಂದ ಇಷ್ಟನ್ನೂ ಛಾಪಾ ಕಾಗದದ ಮೇಲೆ ಮಾಡಿಕೊಟ್ಟೆವು. ಉದ್ಯಮ್ ನೋಂದಣಿಗೆ ದುಡ್ಡಿಲ್ಲ, ಆನ್‌ಲೈನಿನಲ್ಲಿ ನೀವೇ ಮಾಡಬಹುದು. ಅದಕ್ಕೆ ಸಾವಿರಾರು ರೂಪಾಯಿ ಕೇಳುವವರಿದ್ದಾರೆ, ಕೊಡಬೇಡಿ.

ಇಲ್ಲೇ ಒಂದು ವಿಷಯ ತಿಳಿದುಕೊಳ್ಳಿ. ಹಿಪ್ಪೆಯಲ್ಲಿ ಎರಡು ಜಾತಿ. ಬಿಳಿ ವೈನ್ ಮತ್ತು ಜ್ಯೂಸ್ ಮಾಡುವವರು ಹಣ್ಣನ್ನು ಮೊದಲೇ ಹಿಂಡಿಬಿಡುತ್ತಾರೆ. ಆ ಹಿಪ್ಪೆ ಹುದುಗಿರುವುದಿಲ್ಲ, ಸಿಹಿ ಇರುತ್ತದೆ, ಕೈಗೆ ಅಂಟುತ್ತದೆ. ಕೆಂಪು ವೈನಿನಲ್ಲಿ ಸಿಪ್ಪೆ, ಬೀಜದ ಸಮೇತ ಹುದುಗಿಸಿ ಆಮೇಲೆ ಹಿಂಡುವುದು. ಆ ಹಿಪ್ಪೆಯಲ್ಲಿ ಸಕ್ಕರೆ ಇಲ್ಲ, ಆದರೆ ಮದ್ಯಸಾರ ಉಳಿದಿರುತ್ತದೆ. ಯಾವುದನ್ನು ತರುತ್ತೀರಿ ಅನ್ನುವುದರ ಮೇಲೆ ನಿಮ್ಮ ಮುಂದಿನ ಅರ್ಜಿಗಳೆಲ್ಲ ನಿಂತಿವೆ. ವಿಜಯಪುರದ ಕಡೆಯವರಿಗೆ ಇನ್ನೊಂದು ಮಾತು: ಒಣದ್ರಾಕ್ಷಿಗೆ ಬೆಳೆಯುವ ಥಾಮ್ಸನ್ ಸೀಡ್‌ಲೆಸ್‌ನಲ್ಲಿ ಬೀಜವೇ ಇಲ್ಲವಲ್ಲ, ಹಾಗಾಗಿ ಬೀಜದೆಣ್ಣೆಯ ಲೆಕ್ಕ ಅಲ್ಲಿ ನಡೆಯುವುದಿಲ್ಲ. ನಮ್ಮ ಕಡೆಯ ಬೆಂಗಳೂರು ಬ್ಲೂ ಬೀಜದ ತಳಿ, ವರ್ಷಕ್ಕೆ ಎರಡು ಫಸಲು ಕೊಡುತ್ತದೆ. ವೈನರಿ ಕೆಲಸ ನಿಂತ ಮೇಲೂ ಜ್ಯೂಸ್ ಘಟಕಗಳಿಂದ ಸರಕು ಸಿಗುವುದು ಅದರಿಂದಲೇ.

ಮೊದಲ ಲೋಡು ಕೆಂಪು ವೈನಿನ ಹಿಪ್ಪೆ. ಬಾಡಿಗೆ ಗಾಡಿಯ ಹುಡುಗ ಟಾರ್ಪಾಲು ಕಟ್ಟುತ್ತಾ ಮೂಗು ಮುಚ್ಚಿಕೊಂಡ. "ಅಕ್ಕಾ, ಗಾಡಿಯೆಲ್ಲ ಬಾರ್ ವಾಸ್ನೆ ಹೊಡೀತಿದೆ. ಪೊಲೀಸ್ರು ನಿಲ್ಸಿದ್ರೆ ಏನ್ ಹೇಳ್ಲಿ?" ವೈನರಿಯ ಚೀಟಿಯ ನಕಲನ್ನು ಅವನ ಜೇಬಿಗೆ ಹಾಕಿ ಕಳಿಸಿದೆ. ನಿಜಕ್ಕೂ ನಿಲ್ಲಿಸಿದರಂತೆ. ಚೀಟಿ ನೋಡಿ, ಟಾರ್ಪಾಲು ಎತ್ತಿ ನೋಡಿ, ನಕ್ಕು ಬಿಟ್ಟರಂತೆ. ಚೀಟಿಯ ಎರಡು ಪ್ರತಿ ಇಟ್ಟುಕೊಳ್ಳಿ, ಒಂದು ಗಾಡಿಯಲ್ಲಿ, ಒಂದು ನಿಮ್ಮ ಹತ್ತಿರ.

ಶೆಡ್ಡಿಗೆ ಬಂದಾಗ ರಾಶಿಯೊಳಗೆ ಕೈ ಹಾಕಿದರೆ ಬಿಸಿ. ಹಸಿ ಹಿಪ್ಪೆ ಸುಮ್ನೆ ಕೂರುವುದಿಲ್ಲ. ಮರುದಿನಕ್ಕೆ ವಿನಿಗರ್ ವಾಸನೆ, ಕಣ್ಣಿಗೆ ಮುತ್ತುವ ನುಸಿ, ಇನ್ನೊಂದು ದಿನ ಬಿಟ್ಟರೆ ಅಂಚಿನಲ್ಲಿ ಬಿಳಿ ಬೂಷ್ಟು. ಬೂಷ್ಟು ಬಂದದ್ದು ಆಹಾರಕ್ಕೆ ಬೇಡ, ಅದರಲ್ಲಿ ರಾಜಿ ಇಲ್ಲ. ಹಾಗಾಗಿ ತಂದ ದಿನವೇ ಒಣಗಿಸಬೇಕು.

ಒಣಗಿಸುವ ಲೆಕ್ಕ ಕೇಳಿ. ನಮಗೆ ಬರುವ ಹಿಪ್ಪೆಯಲ್ಲಿ ನೂರಕ್ಕೆ ಸುಮಾರು 65 ಪಾಲು ನೀರು. ಅದನ್ನು 8 ಪಾಲಿಗೆ ಇಳಿಸಿದರೆ ನೂರು ಕೆಜಿಯಿಂದ 38 ಕೆಜಿ ಒಣ ಸರಕು. ಅಂದರೆ 62 ಕೆಜಿ ನೀರು ಗಾಳಿಗೆ ಹೋಗಬೇಕು. ಒಂದು ಕೆಜಿ ನೀರನ್ನು ಆವಿ ಮಾಡಲು ಕಾಗದದ ಮೇಲೆ 0.63 ಯೂನಿಟ್ ಕರೆಂಟು ಸಾಕು. ನಿಜವಾದ ಡ್ರೈಯರಿನಲ್ಲಿ ಒಂದು ಯೂನಿಟ್ ದಾಟುತ್ತದೆ. ಪರಿಸರಸ್ನೇಹಿ ಸಾರ ತೆಗೆಯುವುದು ಎಂದು ದ್ರಾವಕದ ಬಗ್ಗೆ ಎಷ್ಟು ಬೇಕಾದರೂ ಚರ್ಚೆ ಮಾಡಬಹುದು, ಆದರೆ ನಮ್ಮಲ್ಲಿ ಕರೆಂಟು ಮೀಟರ್ ಓಡುವುದು ಇಲ್ಲೇ. ಪರಿಹಾರ ಭಾವ ಕಂಡುಕೊಂಡರು. ಹಣ್ಣು ಹಿಂಡುವ ತಿರುಪಿನ ಪ್ರೆಸ್ ಒಂದನ್ನು ತಂದು ಹಿಪ್ಪೆಯನ್ನು ಇನ್ನೊಂದು ಸಲ ಹಿಂಡುವುದು. ನೀರು 65ರಿಂದ 55ಕ್ಕೆ ಇಳಿದರೆ ಸಾಕು, ನೂರು ಕೆಜಿಗೆ 22 ಕೆಜಿ ನೀರು ಕರೆಂಟಿಲ್ಲದೆ ಹೋಯಿತು. ಒಟ್ಟು ಕೆಲಸದಲ್ಲಿ ಮೂರನೇ ಒಂದು ಪಾಲು! ಆಮೇಲೆ ಪಾಲಿಹೌಸ್ ಹಾಳೆ ಹೊದಿಸಿದ ಸೋಲಾರ್ ಡ್ರೈಯರಿನಲ್ಲಿ ಹಗಲೆಲ್ಲ ಹರಡಿ, ಕೊನೆಯ ಹಂತ ಮಾತ್ರ ಟ್ರೇ ಡ್ರೈಯರಿನಲ್ಲಿ 55 ಡಿಗ್ರಿಯಲ್ಲಿ. 60 ದಾಟಿಸಬೇಡಿ, ಸಿಪ್ಪೆಯ ಬಣ್ಣ ಇಟ್ಟಿಗೆ ಪುಡಿಯ ಬಣ್ಣಕ್ಕೆ ತಿರುಗುತ್ತದೆ. ಕೆಡದಂತೆ ತಡೆಯುವ ಸಲ್ಫೈಟ್ ಎಂಬ ಸಂರಕ್ಷಕ ಹಾಕಿದರೆ ಒಂದು ದಿನ ಹೆಚ್ಚು ತಡೆಯುತ್ತದೆ ನಿಜ. ಆದರೆ ಕೆಜಿಗೆ 10 ಮಿಲಿಗ್ರಾಂ ಮೇಲಿದ್ದರೆ ಲೇಬಲ್ಲಿನಲ್ಲಿ ಹೇಳಲೇಬೇಕು. ನಾವು ಆ ಗೊಡವೆಗೆ ಹೋಗಲಿಲ್ಲ.

ಸೆಕೆಂಡ್ ಹ್ಯಾಂಡ್ ಟ್ರೇ ಡ್ರೈಯರಿಗೆ ಒಂದು ಮುಕ್ಕಾಲು ಲಕ್ಷ ಬಿತ್ತು. ಗ್ರೈಂಡರ್ ಕೂಡ ಸೆಕೆಂಡ್ ಹ್ಯಾಂಡ್. ಮಾರಿದವರು "ಫುಲ್ ಸ್ಟೀಲು" ಎಂದು ಆಣೆ ಮಾಡಿದ್ದರು. ಮೊದಲ ಪುಡಿ ಕಡುಕೆಂಪು ಬರಬೇಕಾದದ್ದು ಬೂದಿ ಮಿಶ್ರಿತ ಕಪ್ಪಾಗಿ ಬಂತು. ಬಟ್ಟಲಲ್ಲಿ ನೀರಿಗೆ ಕಲಸಿದರೆ ಥೇಟ್ ಶಾಯಿ. ಒಳಗಿನ ಸುತ್ತಿಗೆಗಳು ಮಾಮೂಲಿ ಕಬ್ಬಿಣದವು. ದ್ರಾಕ್ಷಿ ಬೀಜದ ಟ್ಯಾನಿನ್, ಅಂದರೆ ಒಗರಿನ ಅಂಶ, ಕಬ್ಬಿಣಕ್ಕೆ ತಾಗಿದರೆ ಆಗುವುದೇ ಅದು. ಹಿಂದೆ ಬರೆಯುವ ಶಾಯಿ ಮಾಡುತ್ತಿದ್ದ ರೀತಿಯೂ ಅದೇ. ಅಯಸ್ಕಾಂತ ಹಿಡಿದುಕೊಂಡು ಹೋಗಿ ಯಂತ್ರ ಕೊಳ್ಳಿ. ಆಹಾರ ಯಂತ್ರಕ್ಕೆ ಬಳಸುವ 304 ದರ್ಜೆಯ ಸ್ಟೀಲಿಗೆ ಅದು ಅಂಟುವುದಿಲ್ಲ, ಅಂಟಿದರೂ ಹೆಸರಿಗಷ್ಟೇ. ಒಳಭಾಗ ಬದಲಿಸಲು ಇಪ್ಪತ್ತೆಂಟು ಸಾವಿರದ ಹತ್ತಿರ ಆಯಿತು.

ಇನ್ನು ಸಾರ ತೆಗೆಯುವ ದಾರಿಗಳು. ಎಣ್ಣೆಗೆ ಎಲ್ಲರೂ ಹೇಳುವುದು ಹೆಕ್ಸೇನ್ ಎಂಬ ದ್ರಾವಕ, ಬೀಜದ ಎಣ್ಣೆಯನ್ನು ಕರಗಿಸಿ ಎಳೆಯುವಂಥದ್ದು. ಇಳುವರಿ ಜಾಸ್ತಿ. ಆದರೆ ಅದು ಪೆಟ್ರೋಲಿನಷ್ಟೇ ಬೇಗ ಹೊತ್ತಿಕೊಳ್ಳುವ ವಸ್ತು, ಡ್ರಮ್ಮುಗಟ್ಟಲೆ ಇಟ್ಟುಕೊಳ್ಳಲು ಬೇರೆಯೇ ಪರವಾನಗಿ ಬೇಕು, ಬಾಡಿಗೆ ಶೆಡ್ಡಿನಲ್ಲಿ ಅದರ ಮಾತೇ ಬೇಡ. ಅತಿ ಒತ್ತಡದ ಕಾರ್ಬನ್ ಡೈ ಆಕ್ಸೈಡ್ ವಿಧಾನ ಚೆನ್ನ. 31 ಡಿಗ್ರಿ, 74 ಬಾರ್ ದಾಟಿದರೆ ಆ ಅನಿಲ ದ್ರವದ ಹಾಗೆ ಕೆಲಸ ಮಾಡುತ್ತದೆ, ಕೆಲಸ ಮುಗಿದ ಮೇಲೆ ತಾನೇ ಹಾರಿಹೋಗುತ್ತದೆ, ಎಣ್ಣೆಯಲ್ಲಿ ಏನೂ ಉಳಿಯುವುದಿಲ್ಲ. ಮಸಾಲೆ ಸಾರ ತೆಗೆಯುವ ದೊಡ್ಡ ಕಂಪನಿಗಳು ಬಳಸುತ್ತವೆ. ಯಂತ್ರದ ಬೆಲೆ ಕೇಳಿ ನಾವು ಸದ್ದಿಲ್ಲದೆ ಎದ್ದು ಬಂದೆವು. ಕೊನೆಗೆ ಎಣ್ಣೆ ತೆಗೆದದ್ದು ತಿರುಪಿನ ಎಕ್ಸ್‌ಪೆಲ್ಲರಿನಲ್ಲಿ. ಮರದ ಗಾಣದಲ್ಲೂ ಹಾಕಿಸಿ ನೋಡಿದೆವು, ಬೀಜ ಕಲ್ಲಿನಂತೆ ಗಟ್ಟಿ, ಗಾಣದವರು ಎರಡನೇ ಸಲ ಒಳಗೆ ಬಿಟ್ಟುಕೊಳ್ಳಲಿಲ್ಲ. ನೂರು ಕೆಜಿ ಒಣ ಬೀಜಕ್ಕೆ ನಮಗೆ ಏಳೆಂಟು ಕೆಜಿ ಎಣ್ಣೆ ಸಿಗುತ್ತಿದೆ. ಹಿಂಡಿಯಲ್ಲಿ ಇನ್ನೂ ಎಣ್ಣೆ ಉಳಿದಿರುತ್ತದೆ ಎಂದು ಗೊತ್ತು. ಇರಲಿ.

ಬಣ್ಣ ಮತ್ತು ಟ್ಯಾನಿನ್ನಿಗೆ ಪುಸ್ತಕದ ಉತ್ತರ ಎಥನಾಲ್, ಅಂದರೆ ಮದ್ಯಸಾರ, ಬೆರೆಸಿದ ನೀರು. ಅರ್ಧಕ್ಕರ್ಧ ಅಥವಾ ಸ್ವಲ್ಪ ಹೆಚ್ಚು ಎಥನಾಲ್ ಇದ್ದರೆ ಬರೀ ನೀರಿಗಿಂತಲೂ ಬರೀ ಆಲ್ಕೋಹಾಲಿಗಿಂತಲೂ ಚೆನ್ನಾಗಿ ಎಳೆಯುತ್ತದೆ. ವಿಷವಲ್ಲ, ಮತ್ತೆ ಬಟ್ಟಿ ಇಳಿಸಿ ಬಳಸಬಹುದು, ಕಬ್ಬಿನಿಂದಲೇ ಬರುವಂಥದ್ದು. ಎಲ್ಲ ಸರಿ. ಆದರೆ ಶುದ್ಧ ಸ್ಪಿರಿಟ್ ಕೊಳ್ಳಲು, ಇಟ್ಟುಕೊಳ್ಳಲು, ಬಳಸಲು ಅಬಕಾರಿ ಪರವಾನಗಿ ಬೇಕು, ಪ್ರತಿ ಲೀಟರಿಗೂ ಲೆಕ್ಕ ಇಡಬೇಕು. ಬಟ್ಟಿ ಇಳಿಸುವ ಉಪಕರಣ ಇಟ್ಟುಕೊಂಡರಂತೂ ಇನ್ನಷ್ಟು ಪ್ರಶ್ನೆ. ನಿಯಮ ಇರುವುದು ಕಳ್ಳಭಟ್ಟಿ ತಡೆಯಲು, ಅದರಲ್ಲಿ ತಪ್ಪೇನಿಲ್ಲ. ಆದರೆ ಇಬ್ಬರು ನಡೆಸುವ ಶೆಡ್ಡಿಗೆ ಆ ಭಾರ ಹೊರುವುದು ಕಷ್ಟ. ಸಲಹೆಗಾರರೊಬ್ಬರು ತಮ್ಮ ಶುಲ್ಕ ಹೇಳಿದ ದಿನವೇ ನಾವು ನೀರಿನ ದಾರಿ ಹಿಡಿದೆವು.

ನೀರು, ಸ್ವಲ್ಪ ಸಿಟ್ರಿಕ್ ಆಮ್ಲ, ಜ್ಯೂಸ್ ತಿಳಿಗೊಳಿಸಲು ಬಳಸುವ ಪೆಕ್ಟಿನೇಸ್ ಕಿಣ್ವ, 50 ಡಿಗ್ರಿ ಬಿಸಿ, ನಿಧಾನವಾಗಿ ತಿರುವುವುದು. ಇಷ್ಟೇ. ಕಿಣ್ವ ಸಿಪ್ಪೆಯ ಗೋಡೆಯನ್ನು ಸಡಿಲ ಮಾಡುತ್ತದೆ, ಬಣ್ಣ ಹೊರಗೆ ಬರುತ್ತದೆ. ಎಥನಾಲಿನಷ್ಟು ಬರುವುದಿಲ್ಲ, ಟ್ಯಾನಿನ್ನಿನಲ್ಲಂತೂ ಕಡಿಮೆಯೇ. ಆದರೆ ಕೈಗೆ ಬಂದಷ್ಟು ನಮ್ಮದು.

ಶೆಡ್ಡಿನ ಮೊದಲ ದೊಡ್ಡ ಬ್ಯಾಚಿನಲ್ಲಿ ಬಣ್ಣ ಮಂಕಾಯಿತು. ಮನೆಯಲ್ಲಿ ಮಾಡಿದಾಗ ದಾಳಿಂಬೆ ಕೆಂಪು ಬಂದಿತ್ತು. ಅಲ್ಲಿ ಕ್ಯಾನ್ ನೀರು, ಇಲ್ಲಿ ಬೋರ್‌ವೆಲ್ ನೀರು. ಒಂದು ಗಾಜಿನ ಲೋಟದಲ್ಲಿ ಒಳ್ಳೆಯ ಸಾರ ತಗೊಂಡು ಬೋರ್ ನೀರು ಬಿಡುತ್ತಾ ಹೋದೆ. ಕೆಂಪು ಮೊದಲು ನೇರಳೆಯಾಯಿತು, ಇನ್ನಷ್ಟು ಬಿಟ್ಟಾಗ ಕೆಸರು ನೀಲಿ. ಒಂದು ಚಿಟಿಕೆ ಸಿಟ್ರಿಕ್ ಹಾಕಿದ ಕೂಡಲೇ ಕೆಂಪು ಮರಳಿತು. ಸಿಪ್ಪೆಗೆ ಬಣ್ಣ ಕೊಡುವ ಆಂಥೋಸಯನಿನ್ ಹುಳಿಯಲ್ಲಿ ಕೆಂಪು, ಕ್ಷಾರದ ಕಡೆಗೆ ಹೋದಂತೆ ನೀಲಿ. ನಮ್ಮ ಕಡೆಯ ಗಡಸು ನೀರಿನಲ್ಲಿರುವ ಬೈಕಾರ್ಬನೇಟು ನಾವು ಹಾಕಿದ ಆಮ್ಲವನ್ನೆಲ್ಲ ತಿಂದುಹಾಕುತ್ತಿತ್ತು. ಆರ್‌ಒ ಹಾಕಿಸಿದೆವು. ಅದರಿಂದ ಹೊರಬರುವ ಉಪ್ಪು ನೀರನ್ನು ನೆಲ ತೊಳೆಯಲು ಬಳಸುತ್ತೇವೆ. ಪಿಎಚ್, ಅಂದರೆ ಹುಳಿಯ ಅಳತೆ, 3ರಿಂದ 3.5ರ ಒಳಗೆ ಇಟ್ಟುಕೊಳ್ಳಿ, ಅಳೆಯಲು ಕಾಗದದ ಪಟ್ಟಿ ಸಾಲದು, ಮೀಟರೇ ಬೇಕು.

ಲ್ಯಾಬ್ ವರದಿಗೆ ಬರೋಣ. ಮಾನ್ಯತೆ ಇರುವ ಲ್ಯಾಬಿಗೆ ಕಳಿಸಿದೆವು: ತೇವಾಂಶ, ಸೂಕ್ಷ್ಮಜೀವಿ, ಭಾರಲೋಹ, ಕೀಟನಾಶಕದ ಉಳಿಕೆ. ಒಂದು ಮಾದರಿಗೆ ಹದಿಮೂರು ಸಾವಿರದ ಆಸುಪಾಸು. ವಾರದಲ್ಲಿ ಕೊಡುತ್ತೇವೆ ಎಂದವರು ತಿಂಗಳು ದಾಟಿಸಿದರು, ಆಮೇಲೆ ಮಾದರಿ ಸಾಲದು, ಇನ್ನೊಮ್ಮೆ ಕಳಿಸಿ ಎಂದರು. ಅಷ್ಟು ಹೊತ್ತಿಗೆ ಆ ಬ್ಯಾಚೇ ಮುಗಿದಿತ್ತು. ಪ್ರತಿ ಬ್ಯಾಚಿನದೂ ಅರ್ಧ ಕೆಜಿ ಸೀಲ್ ಮಾಡಿ ತೆಗೆದಿಡುವ ಅಭ್ಯಾಸ ನಮಗೆ ಬಂದದ್ದು ಹೀಗೆ.

ವರದಿಯಲ್ಲಿ ತಾಮ್ರ ಜಾಸ್ತಿ ಬಂತು. ತೋಟದಲ್ಲಿ ಬೂಜು ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ, ಅಂದರೆ ಮೈಲುತುತ್ತ ಮತ್ತು ಸುಣ್ಣ. ಅದು ಸಿಪ್ಪೆಯ ಮೇಲೆ ಕೂರುತ್ತದೆ. ರಸದಲ್ಲಿ ಕಡಿಮೆ, ಹಿಪ್ಪೆಯಲ್ಲಿ ಜಾಸ್ತಿ, ಒಣಗಿಸಿದರೆ ಇನ್ನೂ ಜಾಸ್ತಿ. ಹಣ್ಣು ಪಾಸಾದರೂ ಪುಡಿ ಫೇಲಾಗಬಹುದು ಅನ್ನುವುದು ನಮಗೆ ಹೊಳೆದೇ ಇರಲಿಲ್ಲ. ಈಗ ಜ್ಯೂಸ್ ಘಟಕದವರ ಮೂಲಕ ರೈತರ ಸಿಂಪಡಣೆ ಪುಸ್ತಕದ ಫೋಟೊ ತರಿಸಿಕೊಳ್ಳುತ್ತೇವೆ. ಕೊಯ್ಲಿನ ಹತ್ತಿರ ಹೊಡೆದಿದ್ದರೆ ಆ ಲೋಡು ಆಹಾರದ ಪುಡಿಗೆ ಬೇಡ.

ದುಡ್ಡಿನ ವಿಷಯ. ಕಿರು ಆಹಾರ ಘಟಕಗಳಿಗೆ ಇರುವ ಪಿಎಂಎಫ್‌ಎಂಇ ಯೋಜನೆಯಲ್ಲಿ ಅರ್ಜಿ ಹಾಕಿದೆವು. ಕೇಂದ್ರದ್ದು ಯೋಜನೆಯ ಖರ್ಚಿನ ನೂರಕ್ಕೆ 35 ಪಾಲು ಸಹಾಯಧನ, ಹತ್ತು ಲಕ್ಷದ ಮಿತಿ. ಕರ್ನಾಟಕ ಅದರ ಮೇಲೆ 15 ಪಾಲು ಸೇರಿಸುತ್ತದೆ, ಒಟ್ಟು 15 ಲಕ್ಷದ ತನಕ. ನಮ್ಮಲ್ಲಿ ರಾಜ್ಯದ ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತು ನಿಗಮ (ಕೆಪೆಕ್) ಇದರ ನೋಡಲ್ ಸಂಸ್ಥೆ, ಜಿಲ್ಲೆಗೆ ಸಂಪನ್ಮೂಲ ವ್ಯಕ್ತಿಗಳಿದ್ದಾರೆ, ಯೋಜನಾ ವರದಿ ಬರೆಯಲು ಅವರೇ ನೆರವಾಗುತ್ತಾರೆ. ಜನ ತಪ್ಪು ತಿಳಿಯುವುದು ಒಂದೇ ಕಡೆ: ಸಹಾಯಧನ ನಿಮ್ಮ ಕೈಗೆ ಬರುವುದಿಲ್ಲ. ಸಾಲ ಮಂಜೂರಾದ ಮೇಲೆ ಬ್ಯಾಂಕಿನಲ್ಲಿ ಬೇರೆ ಖಾತೆಯಲ್ಲಿ ಕೂರುತ್ತದೆ, ಮೂರು ವರ್ಷ ಕಂತು ಸರಿಯಾಗಿ ಕಟ್ಟಿ ಘಟಕ ನಡೆಯುತ್ತಿದ್ದರೆ ಸಾಲಕ್ಕೆ ಜಮಾ ಆಗುತ್ತದೆ. ನೂರಕ್ಕೆ ಹತ್ತು ಪಾಲಾದರೂ ಸ್ವಂತ ಬಂಡವಾಳ ಬೇಕು.

ಸಾಲ ಕೊಡುವ ಶಾಖೆಯಲ್ಲಿ ನಮ್ಮ ಫೈಲು ಬಹಳ ಕಾಲ ಮಲಗಿತ್ತು. ಮೊದಲ ಮ್ಯಾನೇಜರಿಗೆ ಇದು ವೈನ್ ಅಂಗಡಿಯ ವ್ಯವಹಾರ ಅನ್ನುವ ಅನುಮಾನ. ಅವರಿಗೆ ವಿವರಿಸಿ ಒಪ್ಪಿಸುವ ಹೊತ್ತಿಗೆ ವರ್ಗವಾಯಿತು. ಹೊಸಬರು ಬಂದು "ಕಸಕ್ಕೆ ಸಾಲ ಹೇಗ್ರೀ ಕೊಡೋದು?" ಎಂದರು. ಆ ದಿನ ಬಸ್ಸಿನಲ್ಲಿ ಬರುವಾಗ ಅಳು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಮುಂದಿನ ಸಲ ಒಂದು ಬಾಟಲಿ ಎಣ್ಣೆ, ಪುಡಿ ಹಾಕಿದ ಬಿಸ್ಕೆಟ್ಟು, ಬೇಕರಿಯವರ ಖರೀದಿ ಪತ್ರ ಮೂರನ್ನೂ ಮೇಜಿನ ಮೇಲಿಟ್ಟೆ. ಬಿಸ್ಕೆಟ್ಟು ತಿಂದು ಖರೀದಿ ಪತ್ರ ಓದಿದರು. ಖರೀದಿ ಪತ್ರವೇ ಕೆಲಸ ಮಾಡಿತು ಅಂದುಕೊಂಡಿದ್ದೇನೆ.

ಲೈಸೆನ್ಸಿಗೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ಫಾಸ್ಕೋಸ್ ಜಾಲತಾಣದಲ್ಲಿ ಅರ್ಜಿ. ಬಾಡಿಗೆ ಕರಾರು, ಶೆಡ್ಡಿನ ನಕ್ಷೆ, ಯಂತ್ರಗಳ ಪಟ್ಟಿ, ಕುಡಿಯುವ ನೀರಿನ ಪರೀಕ್ಷಾ ವರದಿ, ಪಾಲುದಾರಿಕೆ ಪತ್ರ, ಆಹಾರ ಸುರಕ್ಷತಾ ಯೋಜನೆ. ನಕ್ಷೆಯಲ್ಲಿ ಹಸಿ ಹಿಪ್ಪೆ ಬರುವ ಬಾಗಿಲು ಮತ್ತು ಪ್ಯಾಕ್ ಆದ ಸರಕು ಹೋಗುವ ಬಾಗಿಲು ಬೇರೆ ಬೇರೆ ತೋರಿಸಿ. ಅರ್ಜಿ ಹಾಕಿದ ಮೇಲೆ ಬಂದ ಪ್ರಶ್ನೆ ಒಂದೇ: ಇದರಲ್ಲಿ ಮದ್ಯಸಾರ ಇದೆಯೇ? ನ್ಯಾಯವಾದ ಪ್ರಶ್ನೆ. ಅದಕ್ಕೆ ನಾವು ಸರಕನ್ನೇ ಭಾಗ ಮಾಡಿದೆವು. ತಿನ್ನುವ ಪುಡಿಗೆ ಜ್ಯೂಸ್ ಘಟಕದ ಹುದುಗದ ಹಿಪ್ಪೆ ಮಾತ್ರ. ವೈನರಿಯ ಕೆಂಪು ಹಿಪ್ಪೆಯ ಸಿಪ್ಪೆ ಸಾರ ಸೋಪು ಮಾಡುವವರಿಗೆ. ಹುದುಗದ ಹಿಪ್ಪೆಯಲ್ಲಿ ಸಕ್ಕರೆ ಇರುವುದರಿಂದ ಪುಡಿ ಬೇಗ ಗಂಟು ಕಟ್ಟುತ್ತದೆ, ಮಳೆಗಾಲದಲ್ಲಿ ಕೇಳಲೇಬೇಡಿ. ಪ್ಯಾಕಿಂಗಿಗೆ ಅಲ್ಯೂಮಿನಿಯಂ ಪದರದ ಚೀಲ ಹಾಕುತ್ತಿದ್ದೇವೆ, ಖರ್ಚು ಏರಿದೆ.

ಸಾರವನ್ನು ಮಾತ್ರೆ, ಕ್ಯಾಪ್ಸೂಲ್ ರೂಪದಲ್ಲಿ ಮಾರುವ ಆಸೆ ಇದ್ದವರು ಅದು ಬೇರೆಯೇ ವರ್ಗ, ಬೇರೆಯೇ ನಿಯಮ ಎಂದು ಮೊದಲೇ ತಿಳಿದಿರಿ. ಲೇಬಲ್ಲಿನ ಮೇಲೆ "ಹೃದಯಕ್ಕೆ ಒಳ್ಳೆಯದು", "ಸಕ್ಕರೆ ಕಾಯಿಲೆ ತಗ್ಗಿಸುತ್ತದೆ" ಎಂದೆಲ್ಲ ಬರೆಯಲು ಹೋಗಬೇಡಿ. ಡಿಸೈನ್ ಮಾಡಿದ ಹುಡುಗ ಕೇಳದೆಯೇ ಹಾಕಿಬಿಟ್ಟಿದ್ದ, ಪೂರ್ತಿ ಕಟ್ಟು ರದ್ದಿಗೆ ಹೋಯಿತು.

ಈಗ ಪುಡಿ ಬೇಕರಿಗಳಿಗೆ ಹೋಗುತ್ತಿದೆ. ಮೈದಾ, ಗೋಧಿ ಹಿಟ್ಟಿಗೆ ನೂರಕ್ಕೆ ಐದು ಪಾಲು ಬೆರೆಸಿದರೆ ಬಣ್ಣ, ನಾರು ಎರಡೂ ಬರುತ್ತದೆ. ಹತ್ತಕ್ಕೆ ಏರಿಸಿದರೆ ಒಗರು ನಾಲಗೆಗೆ ಹತ್ತುತ್ತದೆ. ಎಣ್ಣೆಗೆ ಗಿರಾಕಿ ಇದ್ದಾರೆ, ಸರಕು ಸಾಲದು. ಸಾರ ತೆಗೆದ ಮೇಲೆ ಉಳಿಯುವ ಗಷ್ಟು ಹುಳಿ ಇರುತ್ತದೆ, ನೇರ ಗಿಡಕ್ಕೆ ಹಾಕಬೇಡಿ. ಸಗಣಿ, ಒಂದಿಷ್ಟು ಸುಣ್ಣ ಬೆರೆಸಿ ಕೊಳೆಸಿ, ರೈತರಿಗೆ ವಾಪಸ್ ಕೊಡುತ್ತಿದ್ದೇವೆ. ತೊಟ್ಟುಗಳಿಗೆ ಮಾತ್ರ ಇನ್ನೂ ದಾರಿ ಸಿಕ್ಕಿಲ್ಲ, ಶೆಡ್ಡಿನ ಹಿಂದೆ ರಾಶಿ ಬಿದ್ದಿವೆ.

ಇನ್ನೊಂದು. ನಾವು ಪುಡಿ, ಎಣ್ಣೆ, ಬಣ್ಣ ಮೂರೂ ಮಾಡುವುದನ್ನು ನೋಡಿದ ಮೇಲೆ ಹಿಪ್ಪೆ ಬಿಟ್ಟಿ ಕೊಡುತ್ತಿದ್ದವರು ಈ ಸಲ ಕೆಜಿಗೆ ರೇಟು ಕೇಳಿದ್ದಾರೆ. ಚೌಕಾಸಿ ನಡೆದಿದೆ. ನೀವು ಶುರು ಮಾಡುವುದಾದರೆ ನವೆಂಬರಿನಲ್ಲೇ, ಮೂರು ವರ್ಷಕ್ಕೆ, ಬೆಲೆ ಬರೆದೇ ಕರಾರು ಮಾಡಿಕೊಳ್ಳಿ.